ಬೆಳ್ಳಿಯಪ್ಪನ ಕೋವಿಯ ಸ್ಪ್ರಿಂಗು

ಕೆನಡಾದ ವಿಟ್ಬಿಯಲ್ಲಿರುವ ನಮ್ಮ ಮನೆಯ ಹಿಂಬಾಗಿಲಿಗೆ ಹೊರಗಿನಿಂದ ಇನ್ನೊಂದು ಜಾಲರಿ ಬಾಗಿಲಿದೆ. ತಾನಾಗಿ ಮುಚ್ಚಿಕೊಳ್ಳಲೆಂದು ಅದಕ್ಕೊಂದು ಸ್ಪ್ರಿಂಗೂ, ಮುಚ್ಚುವಾಗ ಮರ್ಯಾದೆಯಿಂದ ಮುಚ್ಚಲೆಂದು ಒಂದು ಗಾಳಿಕೊಳವೆಯೂ ಇವೆ. ಕೊಳವೆಯ ಸ್ಕ್ರೂ ತುಸು ಬಿಗಿಯಾದರೆ ಬಾಗಿಲು ಅರ್ಧ ದಾರಿಯಲ್ಲೇ ಧ್ಯಾನಸ್ಥವಾಗುತ್ತದೆ, ಸಡಿಲವಾದರೆ ಬೀದಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತದೆ. ಕಾರುಗಳ ಅಡಿಯ ಸ್ಪ್ರಿಂಗುಗಳನ್ನು ರೂಪಿಸಿ ರೂಪಿಸಿಯೇ ನಿವೃತ್ತನಾದವನ ಮನೆಗೆ ಇಂಥ ಬಾಗಿಲು ಒದಗಿಬಂದದ್ದನ್ನು ನನ್ನ ಹೆಂಡತಿ ವಿಧಿಯ ನ್ಯಾಯವೆಂದೇ ಭಾವಿಸಿದ್ದಾಳೆ.

ಸ್ಪ್ರಿಂಗ್ ಕಂಡಲ್ಲಿ ಕೈಯಾಡಿಸುವ ನನ್ನ ಚಟದ ಕೀರ್ತಿ ಹತ್ತಿರದ ಊರಾದ ಪಿಕರಿಂಗಿನವರೆಗೂ ಹಬ್ಬಿದೆ. ಅಲ್ಲಿರುವ ನನ್ನ ಗೆಳೆಯ ಬೆಳ್ಳಿಯಪ್ಪ ಕೊಡಗಿನವನು; ವೃತ್ತಿಯುದ್ದಕ್ಕೂ ಆಪರೇಷನ್ನಿಗೆ ಮುನ್ನ ರೋಗಿಗಳನ್ನು ಅರಿವಳಿಕೆ ಕೊಟ್ಟು ಮಲಗಿಸುತ್ತಿದ್ದ ಡಾಕ್ಟರು. ಅವನ ಬೇಟೆಯ ರೈಫಲ್ಲು ಸೆಮಿ ಆಟೋಮ್ಯಾಟಿಕ್. ಒಂದು ಗುಂಡು ಹಾರಿದೊಡನೆ ಒಳಗಿನ ಬೋಲ್ಟು ಎಂಬ ಉಕ್ಕಿನ ಅಗುಳಿ ಹಿಂದಕ್ಕೆ ನುಗ್ಗಬೇಕು, ಬಫರ್ ಎಂಬ ಪುಟ್ಟ ಮೆತ್ತೆ ಆ ಹೊಡೆತವನ್ನು ನುಂಗಬೇಕು, ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ತಳ್ಳಿ ಮುಂದಿನ ಗುಂಡನ್ನು ಕೂರಿಸಬೇಕು. ಇದ್ದಕ್ಕಿದ್ದಂತೆ ಈ ಸಂಸಾರ ಕೆಟ್ಟಿತು. ಗುಂಡು ಹಾರುತ್ತಿತ್ತು, ಆದರೆ ಮುಂದಿನದು ಬಂದು ಕೂರುತ್ತಿರಲಿಲ್ಲ.

ನಾನು ಸಡಗರದಿಂದ ಸಲಕರಣೆಗಳ ಪೆಟ್ಟಿಗೆ ಹಿಡಿದು ಹೋದೆ. ಸ್ಪ್ರಿಂಗು ಬಿಗಿಯಾಯಿತೆಂದು ಮೆದುವಾದದ್ದನ್ನು ಹಾಕಿದೆ. ಬೋಲ್ಟು ಹಿಂದಕ್ಕೆ ಹೋಯಿತು, ಮರಳಿ ಬರಲಿಲ್ಲ. ಬಿಗಿಯಾದದ್ದನ್ನು ಹಾಕಿದೆ, ಹಿಂದಕ್ಕೇ ಹೋಗಲೊಲ್ಲದು. ಬಫರನ್ನು ದಪ್ಪ ಮಾಡಿದೆ, ತೆಳ್ಳಗೆ ಮಾಡಿದೆ, ಶಕ್ತಿ ಮತ್ತು ಘರ್ಷಣೆಗಳ ಬಗ್ಗೆ ಒಂದು ಪ್ರವಚನವನ್ನೂ ಮಾಡಿದೆ. ಶನಿವಾರಗಳು ಕಳೆದವು, ಜ್ಞಾನ ಬೆಳೆಯಿತು, ರೈಫಲ್ಲು ಮಾತ್ರ ಹಾಗೇ ಇತ್ತು.

ನನಗೆ ಇದು ವಿನೋದ, ಬೆಳ್ಳಿಯಪ್ಪನಿಗೆ ಅಲ್ಲ. ಆ ಬೇಸಿಗೆಯಲ್ಲಿ ಅವನ ಬಲಭುಜಕ್ಕೆ ಆಪರೇಷನ್ ಆಗಿತ್ತು. ಭುಜ ಗಟ್ಟಿಯಾಗಿ ಆತು ನಿಲ್ಲದಿದ್ದರೆ ರೈಫಲ್ಲು ಹೀಗೆ ಮುಷ್ಕರ ಹೂಡುತ್ತದೆಂದು ಶೂಟಿಂಗ್ ಕ್ಲಬ್ಬಿನಲ್ಲಿ ಯಾರೋ ಅಂದಿದ್ದರು. ಕೊಡಗಿನ ಕುಟುಂಬಗಳೆಲ್ಲ ಸೇರಿ ಅದೇ ಕ್ಲಬ್ಬಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ವಾರವಷ್ಟೇ ಉಳಿದಿತ್ತು.

"ಸ್ಪ್ರಿಂಗ್ ಅಲ್ಲ ಮಾರಾಯ, ನನ್ನ ಶೋಲ್ಡರೇ ಹೋಗಿದೆ," ಎಂದ, ನನ್ನ ಮುಖ ನೋಡದೆ. "ಈ ಸಲ ನಾನು ಬರುವುದಿಲ್ಲ. ಕೋವಿಯನ್ನು ಪೊಲೀಸಿಗೆ ಕೊಟ್ಟುಬಿಡ್ತೇನೆ."

ಎಷ್ಟೋ ಜನರ ಭಯವನ್ನು ಎರಡು ಮಾತಿನಲ್ಲಿ ಇಳಿಸುತ್ತಿದ್ದವನು ತನ್ನ ಮುಪ್ಪಿಗೆ ಹೀಗೆ ಸುಮ್ಮನೆ ರುಜು ಹಾಕುವುದನ್ನು ನನಗೆ ಸಹಿಸಲಾಗಲಿಲ್ಲ.

ಅಷ್ಟರಲ್ಲಿ ಕಾಫಿ ತಂದ ಅವನ ಹೆಂಡತಿ ಪೊನ್ನಮ್ಮ ಕೇಳಿದರು: "ಮೂರ್ತಿಯವರೇ, ಮುಂದಿನ ಭಾಗ ಬಿಚ್ಚಿ ನೋಡಿದ್ರಾ?"

ನೋಡಿರಲಿಲ್ಲ. ಸ್ಪ್ರಿಂಗು ಇರುವುದು ಹಿಂದೆ, ಹಿಡಿಯ ಮರದೊಳಗೆ; ನನ್ನ ಶಾಸ್ತ್ರವೂ ಅಲ್ಲಿಗೇ ಮುಗಿಯುತ್ತದೆ. ಮುಂದಿನದನ್ನು ಅವನು ಒರೆಸಿರುತ್ತಾನೆಂದು ನಾನು, ಎಂಜಿನಿಯರು ನೋಡಿರುತ್ತಾನೆಂದು ಅವನು. ಬಿಚ್ಚಿದೆವು. ಬೋಲ್ಟು ಜಾರುವ ದಾರಿಯಲ್ಲಿ ಒಣಗಿ ಗಾರೆಯಾದ ಗಂಧ, ಅದಕ್ಕೆ ಅಂಟಿಕೊಂಡು ಮೂರ್ನಾಲ್ಕು ಚೆಂಡುಹೂವಿನ ಎಸಳು.

ಸೆಪ್ಟೆಂಬರಿನಲ್ಲಿ ಅವರ ಮನೆಯಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ನಡೆದಿತ್ತು. ಬೆಳ್ಳಿಯಪ್ಪ ಕಾನೂನಿಗೆ ತಲೆಬಾಗುವ ಪ್ರಾಣಿ. ಟ್ರಿಗರಿಗೆ ಬೀಗ ಹಾಕಿ, ಕೋವಿ ಖಾಲಿಯಿದೆಯೆಂದು ದೇವರಿಗೂ ಸಾಬೀತಾಗಲೆಂದು ಬೋಲ್ಟನ್ನು ತೆರೆದಿಟ್ಟೇ ಪೂಜೆಗಿಟ್ಟಿದ್ದ. ತೆರೆದ ಬಾಯಿಗೆ ಪ್ರಸಾದ ಬಿದ್ದಿತ್ತು. ಪೂಜೆಯ ಗಂಧವನ್ನು ಉಜ್ಜಿ ತೆಗೆಯುವುದುಂಟೇ ಎಂಬ ಭಕ್ತಿಯಿಂದ ಆಮೇಲೆ ಅವನು ಒರೆಸಲೂ ಇಲ್ಲ. ಕಾನೂನೂ ಭಕ್ತಿಯೂ ಸೇರಿ ಮಾಡಿದ ಕೆಲಸಕ್ಕೆ ಶಿಕ್ಷೆ ಅನುಭವಿಸಿದ್ದು ಆ ಬಡಪಾಯಿ ಭುಜ.

ನನ್ನ ಬಿಡಿಭಾಗಗಳೆಲ್ಲ ಪೆಟ್ಟಿಗೆಗೆ ಮರಳಿದವು, ಹಳೆಯ ಸ್ಪ್ರಿಂಗು, ಹಳೆಯ ಬಫರು ತಮ್ಮ ಜಾಗಕ್ಕೆ. ಪಂದ್ಯದ ದಿನ ಬೆಳ್ಳಿಯಪ್ಪ ಮೂರು ಗುಂಡು ಹಾರಿಸಿದ, ಮೂರೂ ತಪ್ಪಿದವು, ತೆಂಗಿನಕಾಯಿ ಕದಲಲಿಲ್ಲ. ಆದರೆ ಪ್ರತಿಸಲವೂ ಮುಂದಿನ ಗುಂಡು ತಾನಾಗಿ ಬಂದು ಕೂತಿತು. ಅವನು ನಮ್ಮ ಕಡೆ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು.

"ನೋಡಿದ್ಯಾ ಮೂರ್ತಿ, ಶೋಲ್ಡರ್ ಸರಿಯಿದೆ," ಎಂದ. "ಗುರಿ ಮೊದಲಿನಿಂದಲೂ ಹೀಗೇ."

ಇದು ನಿಜವೆಂದು ಪೊನ್ನಮ್ಮ ಎಲ್ಲರೆದುರು ಪ್ರಮಾಣೀಕರಿಸಿದರು.

ಈಗ ಅವನು ನಮ್ಮ ಮನೆಗೆ ಬಂದರೆ ಹಿಂಬಾಗಿಲಿನಿಂದಲೇ ಬರುತ್ತಾನೆ. ಆ ಜಾಲರಿ ಬಾಗಿಲನ್ನು ಆಪರೇಷನ್ ಆದ ಭುಜದ ಕೈಯಿಂದಲೇ ಪೂರ್ತಿ ಎಳೆದು ಬಿಟ್ಟುಬಿಡುತ್ತಾನೆ. ಅದು ಬೀದಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತದೆ. ಒಳಗಿನಿಂದ ಹೆಂಡತಿ, "ರೀ, ಆ ಸ್ಕ್ರೂ ಒಂಚೂರು ಬಿಗಿ ಮಾಡಬಾರದೇ?" ಎನ್ನುತ್ತಾಳೆ. ಸ್ಕ್ರೂಡ್ರೈವರು ಕೈಗೆಟುಕುವಲ್ಲೇ ಇದೆ. ನಾನು ಎದ್ದು ಹೋಗಿ ಕಾಫಿಗೆ ನೀರಿಡುತ್ತೇನೆ.