ಹಿಮ ಮಾಡುವವರ ಮನೆಯಲ್ಲಿ ಮೊದಲ ಚಳಿಗಾಲ

ಆಕಾಶದಿಂದ ಬೀಳುವುದು ಸಾಲದೆಂದು ನಮ್ಮ ಮನೆಯವರು ಮಷೀನು ಹಚ್ಚಿ ಹಿಮ ಮಾಡುತ್ತಿದ್ದರು. ಸುಳ್ಳಲ್ಲ. ಈ ಪರದೇಶದ ಕ್ಯಾಲೆಡನ್ ಊರಿನ ಒಂದು ಸ್ಕೀ ಗುಡ್ಡದಲ್ಲಿ ಅವರಿಗೆ ಅದೇ ಕೆಲಸ. ಕೆಳಗಿನ ಕೆರೆಯ ನೀರನ್ನು ಪಂಪಿನಿಂದ ಮೇಲೆತ್ತಿ, ಆಳೆತ್ತರದ ಫ್ಯಾನುಗಳಿಂದ ಚಳಿಗಾಳಿಗೆ ಊದಿದರೆ ಅದು ಹಿಮವಾಗಿ ಇಳಿಜಾರಿನ ಮೇಲೆ ಬೀಳುತ್ತದೆ. ಜನ ದುಡ್ಡು ಕೊಟ್ಟು ಬಂದು ಅದರ ಮೇಲೆ ಜಾರುತ್ತಾರೆ. ಹುಬ್ಬಳ್ಳಿಯಲ್ಲಿರುವ ಅವ್ವನಿಗೆ ಫೋನಿನಲ್ಲಿ ಇದನ್ನು ತಿಳಿಸಿ ಹೇಳಲು ಹೋಗಿ ನಾನು ಸೋತೆ.

"ನಳಕ್ಕ ನೀರು ಬರದ ಊರಾಗ ಹುಟ್ಟಿದವರು, ಅಲ್ಲಿ ಹೋಗಿ ನೀರು ಗಾಳಿಗೆ ತೂರತಾರೇನು? ಅಳಿಯಂದಿರಿಗೆ ಬ್ಯಾರೆ ಕೆಲಸ ಸಿಗಲಿಲ್ಲೇನವಾ?" ಅಂದಳು ಅವ್ವ. ನನ್ನ ಪ್ರಶ್ನೆಯೂ ಅದೇ ಆಗಿತ್ತು.

ಅದಕ್ಕೂ ಮೊದಲು ನಾವು ವಿಮಾನ ನಿಲ್ದಾಣದ ಮಗ್ಗುಲಿನ ಮಾಲ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿದ್ದೆವು. ವಿಮಾನಗಳು ನಮ್ಮ ಮಾಳಿಗೆಯನ್ನು ಸವರಿಕೊಂಡೇ ಇಳಿಯುತ್ತಿದ್ದವು. ಬಂದ ಹೊಸದರಲ್ಲಿ ನಿದ್ದೆ ಬರುತ್ತಿರಲಿಲ್ಲ, ಆಮೇಲೆ ಆ ಸದ್ದಿಲ್ಲದೆ ನಿದ್ದೆ ಬರದಂತಾಯಿತು. ಮೇಲಿನ ಮನೆಯಾಕೆ ಉಡುಪಿ ಕಡೆಯವಳು, ಮನೆಯಲ್ಲಿ ತುಳು, ನನ್ನ ಜೊತೆ ಕನ್ನಡ. ಅವಳ ವ್ಯಾನಿನಲ್ಲೇ ನಾವು ನಾಲ್ಕೈದು ಹೆಂಗಸರು ವುಡ್‌ಬ್ರಿಡ್ಜಿನ ಬೇಕರಿ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುತ್ತಿದ್ದೆವು. ಹೋಗುವಾಗ ಅತ್ತೆಯಂದಿರ ಸುದ್ದಿ, ಬರುವಾಗ ಸೂಪರ್‌ವೈಸರನ ಸುದ್ದಿ. ಕೈಕಾಲು ನೋಯುತ್ತಿದ್ದವು, ಆದರೆ ಬಾಯಿಗೆ ಬಿಡುವಿರಲಿಲ್ಲ. ನನಗೆ ಅದು ಸಾಕಾಗಿತ್ತು.

ಸಾಕಾಗದೆ ಇದ್ದದ್ದು ನಮ್ಮ ಮನೆಯವರಿಗೆ. ಹುಬ್ಬಳ್ಳಿಯಲ್ಲಿ ಅವರದು ಪಂಪು, ಮೋಟಾರು ರಿಪೇರಿ ಅಂಗಡಿ. ಇಲ್ಲಿ ಬಂದು ಮಿಸಿಸಾಗದ ಗೋದಾಮಿನಲ್ಲಿ ವರ್ಷಗಟ್ಟಲೆ ಡಬ್ಬ ಎತ್ತಿ ಇಟ್ಟರು. ಒಂದು ದಿನವೂ ಗೊಣಗಲಿಲ್ಲ, ಆದರೆ ಮನೆಗೆ ಬಂದವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದರು. ಸ್ಕೀ ಗುಡ್ಡದ ಕೆಲಸ ಸಿಕ್ಕ ದಿನ ಮೆಟ್ಟಿಲ ಮೇಲಿಂದಲೇ ಕೂಗಿದರು, "ಏ, ಕೈಗೆ ಹೊಳ್ಳಿ ನಟ್ಟು-ಬೋಲ್ಟು ಬಿಚ್ಚೂ ಪಾನಾ ಬಂತು ನೋಡು!" ಜೊತೆಗೆ ಇರಲು ಕಂಪನಿಯವರು ಒಂದು ಮನೆಯನ್ನೂ ಕೊಡುತ್ತಿದ್ದರು. ಆ ಮುಖ ನೋಡಿ ನನಗೆ ಬೇಡ ಅನ್ನಲಾಗಲಿಲ್ಲ.

ಮನೆ ಗುಡ್ಡದ ಹಿಂಬದಿಯಲ್ಲಿತ್ತು. ಹುಬ್ಬಳ್ಳಿಯ ಉಣಕಲ್ಲಿನ ಗುಡ್ಡ ಹತ್ತಿಳಿದವಳಿಗೆ ಇದೇನು ಮಹಾ ಎತ್ತರವಲ್ಲ. ಆದರೆ ಸುತ್ತ ಮರ, ಮರದಾಚೆ ಮರ. ಮನೆಯಿಂದ ಡಾಂಬರು ರಸ್ತೆಗೆ ಒಂದು ಉದ್ದನೆಯ ಮಣ್ಣಿನ ಲೇನು, ಅದರ ತುದಿಗೆ ಟಪಾಲು ಡಬ್ಬಿ. ಬಸ್ಸಿಲ್ಲ. ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ನವೆಂಬರಿನಲ್ಲಿ ಎಲೆಯೆಲ್ಲ ಉದುರಿತು, ಹಿಮ ಬಂತು, ಲೇನು ಯಾವುದು ಹೊಲ ಯಾವುದು ತಿಳಿಯದಾಯಿತು.

ಆ ಚಳಿಗಾಲದಲ್ಲಿ ನಾನು ಕೂತದ್ದು ನೆನಪಿಲ್ಲ. ಅಡಿಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಅಡಿಗೆಮನೆಗೆ. ಚಹಾ ಇಡುವುದು, ಕುಡಿಯಲು ಮರೆಯುವುದು, ಆರಿದ್ದನ್ನು ಚೆಲ್ಲಿ ಮತ್ತೆ ಇಡುವುದು. ಒಗೆದ ಬಟ್ಟೆಯನ್ನೇ ಒಗೆದೆ. ಬೇಕಂತಲೇ ರೊಟ್ಟಿಯನ್ನು ದಪದಪ ಬಡಿಯುತ್ತಿದ್ದೆ, ಮನೆಯಲ್ಲಿ ಏನಾದರೊಂದು ಸದ್ದಾಗಲಿ ಎಂದು. ಬಡಿಯುವುದು ನಿಲ್ಲಿಸಿದೊಡನೆ ಕಿವಿಗೆ ಮತ್ತೆ ಆ ಮೌನ ಬಂದು ಕೂಡುತ್ತಿತ್ತು. ಜೀವ ಒಂದೆಡೆ ನಿಲ್ಲುತ್ತಿರಲಿಲ್ಲ. ಎದೆಯೊಳಗೆ ಯಾರೋ ಚಪ್ಪಲಿ ಹಾಕಿಕೊಂಡು ಓಡಾಡಿದಂತೆ.

ಅವರು ಮಾತ್ರ ಹಿಗ್ಗಿನಿಂದ ಬರುತ್ತಿದ್ದರು, ಮೀಸೆಯ ಮೇಲೆ ಮಂಜು ಕಟ್ಟಿಕೊಂಡು. "ಇವತ್ತ ಭಾಳ ಚಲೋ ಹವಾ ಐತಿ. ಮೈನಸ್ ಹದಿನೈದು! ಹಿಮ ಹಿಟ್ಟಿನಂಗ ಬೀಳಾಕತ್ತೈತಿ."

"ಬೆಂಕಿ ಹಚ್ಚ ನಿಮ್ಮ ಚಲೋ ಹವಾಕ್ಕ!" ಅಂದೆ ಡಿಸೆಂಬರಿನ ಒಂದು ದಿನ. ಬಾಯಿಂದ ಬಂದೇಬಿಟ್ಟಿತು. "ನನಗ ಇಲ್ಲಿ ಇರಾಕ ಆಗೂದಿಲ್ರೀ. ಮಾತಾಡಾಕ ಒಂದು ನರಪಿಳ್ಳೆ ಇಲ್ಲ. ಹೋಗೂಣು ಮಾಲ್ಟನ್ನಿಗೆ."

"ಹೋಗಿ ಹೊಳ್ಳಿ ಡಬ್ಬ ಎತ್ತಲೇನು?"

"ಎತ್ತಿದ್ರ ಏನಾತು? ಮಂದಿ ಎತ್ತೂದಿಲ್ಲೇನು?"

ಅವರು ಬೂಟು ಬಿಚ್ಚುತ್ತಿದ್ದವರು ಅಷ್ಟಕ್ಕೇ ನಿಲ್ಲಿಸಿದರು, ಒಂದು ಕಾಲಲ್ಲಿ ಬೂಟು ಹಾಗೇ ಇತ್ತು. "ಈ ಒಂದು ಚಳಿಗಾಲ ಕಳಿ" ಅಂದರು. ಅಂದಿನಿಂದ ನಮ್ಮ ಮಾತು ಉಪ್ಪು-ಸಾರಿನ ಮಟ್ಟಕ್ಕೆ ಬಂದು ನಿಂತಿತು.

ಉಡುಪಿಯ ಗೆಳತಿ ಫೋನು ಮಾಡಿದಾಗ ನಾನು ಅತ್ತುಬಿಟ್ಟೆ. ಅವಳು ಬೈದಳು. "ನೀನು ಎಂತ ಮಾರಾಯ್ತಿ, ಆ ಕಾಡಲ್ಲಿ ಕೂತು ಅಳುದು? ನನ್ನ ಬೇಸ್‌ಮೆಂಟು ಇನ್ನೂ ಖಾಲಿ ಉಂಟು. ಫ್ಯಾಕ್ಟರಿಯಲ್ಲೂ ಜನ ಬೇಕಂತೆ. ನೀನು ಬಾ. ಅವರು ಬೇಕಾದ್ರೆ ಹಿಮ ಮುಗಿಸಿ ಬರ್ಲಿ."

ಹಾಗೆ ಸಂಕ್ರಾಂತಿಯ ಯೋಚನೆ ಹುಟ್ಟಿತು. ಹಬ್ಬದ ದಿನ ಅವಳೂ ಉಳಿದ ಗೆಳತಿಯರೂ ವ್ಯಾನಿನಲ್ಲಿ ನಮ್ಮಲ್ಲಿಗೆ ಊಟಕ್ಕೆ ಬರುವುದು. ಸಂಜೆ ಅವರು ಹೊರಟಾಗ ನಾನೂ ವ್ಯಾನು ಹತ್ತಿ ಕೂಡುವುದು. ಎಲ್ಲರ ಎದುರಿಗೆ ನಮ್ಮ ಮನೆಯವರು ಬೇಡ ಅನ್ನಲಾರರು. ಊಟಕ್ಕೆ ಬರುವ ಸುದ್ದಿಯನ್ನಷ್ಟೇ ಹೇಳಿದೆ. ಅವರು ತಲೆಯಾಡಿಸಿದರು.

ಚೀಲ ತುಂಬಿ ಕಪಾಟಿನಲ್ಲಿ ಅಡಗಿಸಿಟ್ಟೆ. ಸ್ವೆಟರು, ಪಾಸ್‌ಪೋರ್ಟು, ಎರಡು ಸೀರೆ, ಹಬ್ಬಕ್ಕೆಂದು ಅವ್ವ ಕಳಿಸಿದ, ಸಕ್ಕರೆಪಾಕ ಕಟ್ಟಿದ ಕುಸುರೆಳ್ಳಿನ ಡಬ್ಬಿ. ತೊಡಕಾದದ್ದು ಕೌದಿಯದು. ಅವ್ವ ತನ್ನ ಹಳೆಯ ಇಳಕಲ್ ಸೀರೆಗಳನ್ನು ಹರಿದು ಹೊಲಿದ ಕೌದಿ ಅದು, ಮದುವೆಯಲ್ಲಿ ನನಗೆ ಕೊಟ್ಟದ್ದು. ಆ ಮನೆಯ ಮಲಗುವ ಕೋಣೆಗೆ ಎಲ್ಲಿಂದಲೋ ಗಾಳಿ ನುಗ್ಗುತ್ತಿತ್ತು. ಅಂಗಡಿಯ ಯಾವ ಹೊದಿಕೆಯೂ ತಡೆಯುತ್ತಿರಲಿಲ್ಲ, ಕೌದಿ ತಡೆಯುತ್ತಿತ್ತು. ಚೀಲಕ್ಕೆ ಹಾಕಿದೆ. ಇವರು ಏನು ಹೊದೆಯಬೇಕು ಎಂದು ತೆಗೆದೆ. ಹೊದೆಯದೆ ಸೆಟೆದುಕೊಳ್ಳಲಿ, ಹಿಮ ಮಾಡುವವರಿಗೆ ಚಳಿ ಎಂಥದು ಎಂದು ಮತ್ತೆ ಹಾಕಿದೆ. ಎಷ್ಟು ಸಲ ಹಾಕಿದೆನೋ, ಎಷ್ಟು ಸಲ ತೆಗೆದೆನೋ. ಹಬ್ಬದ ದಿನ ನಸುಕಿನಲ್ಲೇ ಕೊನೆಗೊಮ್ಮೆ ತೆಗೆದು ಮಂಚದ ಮೇಲೆ ಹಾಸಿ ಅಡಿಗೆಮನೆಗೆ ಬಂದೆ.

ಅಡಿಗೆಗೆ ಮಾತ್ರ ಕಡಿಮೆ ಮಾಡಲಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಮಾದಲಿ. ಊರಿನಲ್ಲಾದರೆ ಇದನ್ನೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ, ಮಿಂದು, ದಂಡೆಯ ಮೇಲೆ ಉಣ್ಣುತ್ತಿದ್ದೆವು. ಇಲ್ಲಿ ಹೊಳೆಯ ಮೇಲೆ ಜನ ನಡೆದಾಡುತ್ತಿದ್ದರು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಸುರುವಾದ ಹಿಮ ಬೆಳಗಾದರೂ ನಿಲ್ಲಲಿಲ್ಲ. ಗಾಳಿ ಬೇರೆ. ಸ್ಕೀ ಗುಡ್ಡಕ್ಕೇ ಆ ದಿನ ರಜೆ ಕೊಟ್ಟಿದ್ದರು. ಮೊದಲ ಹೋಳಿಗೆ ತವೆಯ ಮೇಲಿರುವಾಗ ಗೆಳತಿಯ ಫೋನು ಬಂತು. "ಬರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ವ್ಯಾನು ಡ್ರೈವ್‌ವೇಯಿಂದಲೇ ಹೊರಗೆ ಬರುದಿಲ್ಲ. ಬೇಜಾರು ಮಾಡ್ಬೇಡ ಆಯ್ತಾ? ಮುಂದಿನ ವಾರ ನೋಡುವ."

ಮುಂದಿನ ವಾರ! ಹೋಳಿಗೆ ಸೀದು ಕರಿಯಾಯಿತು. ನಾನು ಒಲೆ ಆರಿಸಿ ಕಿಟಕಿಗೆ ಹೋದೆ. ಹೊರಗೆ ನಮ್ಮ ಮನೆಯವರು ಕಂಪನಿಯ ಟ್ರ್ಯಾಕ್ಟರು ಹತ್ತಿ ಲೇನಿನ ಹಿಮ ಬಗೆಯುತ್ತಿದ್ದರು. ಬೆಳಕು ಹರಿಯುವಾಗಲೇ ಹೋದವರು, ಚಹಾಕ್ಕೂ ಒಳಗೆ ಬಂದಿರಲಿಲ್ಲ. ಮುಂದೆ ಬಗೆದಂತೆ ಹಿಂದೆ ಗಾಳಿ ತಂದು ತುಂಬುತ್ತಿತ್ತು. ಬಾರದ ಅತಿಥಿಗಳಿಗಾಗಿ ಈ ಮನುಷ್ಯ ಒದ್ದಾಡುತ್ತಿದ್ದಾರಲ್ಲ ಎಂದು ಪಾಪ ಅನಿಸಿತು. ಮಾತು ಬಿಟ್ಟವಳು ನಾನು. ಆದರೂ ಬೂಟು ಹಾಕಿಕೊಂಡು ಹೊರಗೆ ಹೋಗಿ ಕೂಗಿದೆ.

"ಸಾಕ್ ಬರ್ರಿ! ಅವರು ಯಾರೂ ಬರೂದಿಲ್ಲಂತ!"

ಅವರು ಟ್ರ್ಯಾಕ್ಟರಿನ ಸದ್ದು ಇಳಿಸಿದರು. "ಗೊತ್ತೈತಿ. ರೇಡಿಯೋದಾಗ ಹೇಳ್ಯಾರ, ಯಾರೂ ಗಾಡಿ ತಗೀಬ್ಯಾಡ್ರಿ ಅಂತ."

"ಮತ್ಯಾಕ ಬಗೀಯಾಕತ್ತೀರಿ?"

"ನೀ ಹೋಗಬೇಕಲ್ಲ" ಅಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುಮಾತೂ ಅಲ್ಲ. ಪಂಪಿಗೆ ಹೊಸ ವಾಶರು ಬೇಕು ಅನ್ನುವಾಗ ಹೇಗೆ ಹೇಳುತ್ತಾರೋ ಹಾಗೆ ಹೇಳಿದರು. "ಕಪಾಟಿನಾಗಿನ ನಿನ್ನ ಚೀಲ ಪಿಕಪ್ಪಿನಾಗ ಇಟ್ಟೇನಿ. ಮಧ್ಯಾಹ್ನಕ್ಕ ಗಾಳಿ ಇಳೀತೈತಂತ. ಆವಾಗ ಬಿಟ್ಟು ಬರ್ತೇನಿ."

ಮಧ್ಯಾಹ್ನ ಗಾಳಿ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಟ್ರ್ಯಾಕ್ಟರನ್ನು ಮನೆಯ ಹತ್ತಿರ ಬಿಟ್ಟು ಇಬ್ಬರೂ ಪಿಕಪ್ಪಿನಲ್ಲಿ ಕೂತೆವು. ಎರಡೂ ಕಡೆ ಹಿಮದ ಗೋಡೆ, ನಡುವೆ ಒಂದೇ ಗಾಡಿ ಹಿಡಿಯುವಷ್ಟು ಜಾಗ. ಲೇನಿನ ಬಾಯಿಗೆ ಸರಕಾರಿ ಪ್ಲೌ ಗಾಡಿಯವರು ರಸ್ತೆಯ ಹಿಮವನ್ನೆಲ್ಲ ತಳ್ಳಿ ಒಡ್ಡು ಕಟ್ಟಿ ಹೋಗಿದ್ದರು, ಕಲ್ಲಿನಷ್ಟು ಗಟ್ಟಿ. ನಮ್ಮ ಮನೆಯವರು ಇಳಿದು ಸಲಿಕೆಯಿಂದ ಅದನ್ನು ಒಡೆಯತೊಡಗಿದರು. ನನಗೆ ಸುಮ್ಮನೆ ಕೂಡಲಾಗಲಿಲ್ಲ. ಮಾಲ್ಟನ್ನಿನಲ್ಲಿ ಹಂಚಲು ಕುಸುರೆಳ್ಳು ಮೇಲಿಟ್ಟುಕೊಳ್ಳೋಣ ಎಂದು ಹಿಂದಿನ ಸೀಟಿನಿಂದ ಚೀಲ ಎಳೆದೆ. ಭಾರವಾಗಿತ್ತು. ಜಿಪ್ಪು ಬಿಚ್ಚಿದರೆ ಮೇಲುಗಡೆಯೇ ಕೌದಿ.

ನಾನು ಮಂಚದ ಮೇಲೆ ಹಾಸಿ ಬಂದದ್ದನ್ನು ಅವರು ಮಡಿಚಿ, ತುರುಕಿ, ಜಿಪ್ಪು ಎಳೆದಿದ್ದರು. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೌದಿಯನ್ನೇ ನೋಡುತ್ತ ಕೂತೆ.

"ಆತು. ದಾರಿ ಆತು" ಎನ್ನುತ್ತ ಅವರು ಒಳಗೆ ಬಂದು ಕೈಗವಸು ಬಿಚ್ಚಿದರು. ನಾನು ಹಿಂದಕ್ಕೆ ತಿರುಗಿ ಲೇನು ನೋಡಿದೆ. ನಾವು ಬಂದ ಗುರುತು ಆಗಲೇ ಮುಚ್ಚುತ್ತಿತ್ತು.

"ನನ್ನ ಬಿಟ್ಟು ನೀವು ಹೊಳ್ಳಿ ಹೆಂಗ ಬರ್ತೀರಿ?"

"ಗಾಡಿ ಇಲ್ಲೇ ನಿಲ್ಲಿಸಿ ನಡಕೋಂತ ಹೋಗ್ತೇನಿ. ಟ್ರ್ಯಾಕ್ಟರ್ ಮ್ಯಾಲೈತಲ್ಲ, ತಂದು ಬಗೀತೇನಿ."

"ಹೋಗಿ ಹೊದಕೊಳ್ಳೂದು ಏನು?"

"ಜಾಕೀಟ್ ಐತಿ ತಗೋ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ನೀವು ಒಳ್ಳೇವರಾಗಿ ನನ್ನ ಕೊಲ್ಲಬ್ಯಾಡ್ರಿ!" ಎಂದು ಚೀರಿದೆ. "ನನಗ ಹಿಮ ಬ್ಯಾಸರಿಲ್ರೀ, ನೀವೂ ಬ್ಯಾಸರಿಲ್ಲ. ಬಂದದ್ದೂ ನೀವು ಕರಕೊಂಡು ಬಂದಿದ್ದಕ್ಕ, ಹೋಗೂದೂ ನೀವು ಒಯ್ದು ಬಿಟ್ರ. ಇಲ್ಲಾ ಆಕೀ ವ್ಯಾನ್ ಬರಬೇಕು. ನಾ ಏನು ಪಾರ್ಸಲ್ಲೇನು?"

ಅವರು ಸ್ಟಿಯರಿಂಗ್ ಹಿಡಿದರು. ರಸ್ತೆಗೆ ಇಳಿದು ಬಲಕ್ಕೆ ತಿರುಗಿದರೆ ಮಾಲ್ಟನ್ನು. ಇಂಡಿಕೇಟರು ಹಾಕಲಿಲ್ಲ.

"ಹಂಗಾರ ಏನ ಮಾಡೂಣು?"

"ಗಾಡಿ ಹೊಳ್ಳಸ್ರಿ."

"ಇಲ್ಲಿ ಹೊಳ್ಳಸಾಕ ಜಾಗಿಲ್ಲ. ರಸ್ತೆಕ್ಕ ಹೋಗೇ ಹೊಳ್ಳಸಬೇಕು."

"ಹೊಳ್ಳಸ್ರಿ ಮತ್ತ! ಮುಂದ ನಾ ಹೋಗೂದಾದ್ರ ನಾನ ಹೊಡಕೊಂಡು ಹೋಗ್ತೇನಿ. ನನಗ ಗಾಡಿ ಕಲಸ್ರಿ."

ರಸ್ತೆಯ ಮೇಲೆ ಒಂದು ಜೀವವೂ ಇರಲಿಲ್ಲ. ಅವರು ಗಾಡಿ ತಿರುಗಿಸಿ, ಲೇನಿನೊಳಗೆ ಮೂತಿ ತೂರಿಸಿ, ನಿಲ್ಲಿಸಿ, ಇಳಿದು ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದರು. "ಆ ಕಡೆ ಸರಕೋ. ಹೊಡಿ."

"ಈಗೇನು?"

"ಮತ್ಯಾವಾಗ?"

ಸರಿದು ಕೂತು ಸ್ಟಿಯರಿಂಗ್ ಹಿಡಿದೆ. ಗಾಡಿ ಹೊರಟಿತು. ಹೊರಟಿತು! ಟಪಾಲು ಡಬ್ಬಿ ಹಿಂದೆ ಉಳಿಯಿತು, ಬೇಲಿಯ ಕಂಬಗಳು ಉಳಿದವು, ನನ್ನ ಎದೆಯೊಳಗಿನ ಓಡಾಟವೆಲ್ಲ ಅಂಗಾಲಿಗೆ ಇಳಿದಂತಾಯಿತು. ತಿರುವು ಬಂತು. "ಬ್ರೇಕ್! ಏ, ಬ್ರೇಕ್!" ಎಂದು ಅವರು ಕೂಗುವಷ್ಟರಲ್ಲಿ ಪಿಕಪ್ಪು ಮೆಲ್ಲಗೆ ಹೋಗಿ ಹಿಮದ ಗೋಡೆಯಲ್ಲಿ ಕನ್ನಡಿಯವರೆಗೆ ಹೂತುಕೊಂಡಿತು. ಡಬ್ಬಿ ಮಗುಚಿ ಕುಸುರೆಳ್ಳು ಸೀಟಿನ ತುಂಬ ಚೆಲ್ಲಿತು.

ಅವರು ನಕ್ಕರು. ಡಿಸೆಂಬರಿನ ಆ ಜಗಳದ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕರು. "ನಗಬ್ಯಾಡ್ರಿ, ಮೈ ಉರೀತೈತಿ ನನಗ" ಅಂದೆ. ಅವರು ಸೀಟಿನ ಮೇಲಿನ ಕಾಳುಗಳನ್ನು ಚಳಿಗೆ ಒಡೆದ ಬೆರಳುಗಳಿಂದ ಆರಿಸಿ ನನ್ನ ಅಂಗೈಗೆ ಹಾಕಿದರು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು" ಅಂದರು. ನಾನೂ ಆರಿಸಿ ಅವರ ಕೈಗೆ ಹಾಕಿದೆ.

ಪಿಕಪ್ಪು ಎಷ್ಟು ನೂಕಿದರೂ ಹೊರಗೆ ಬರಲಿಲ್ಲ. ಅದನ್ನು ಅಲ್ಲೇ ಬಿಟ್ಟು ನಡೆದೇ ಗುಡ್ಡ ಹತ್ತಿದೆವು. ಚೀಲ ಕೊಡು ಅಂದರು, ಕೊಡಲಿಲ್ಲ, ನಾನೇ ಹೊತ್ತೆ. ಕೌದಿಯನ್ನು ಮಾತ್ರ ತೆಗೆದು ಅವರ ಹೆಗಲಿಗೆ ಹೊದಿಸಿದೆ.