ವಿಯೆನ್ನಾದಲ್ಲಿ ನಮ್ಮ ಶುಕ್ರವಾರ

ಅಬುಧಾಬಿಯಿಂದ ವಾರಾಂತ್ಯಕ್ಕೆಂದು ಹೋದ ವಿಯೆನ್ನಾದಲ್ಲಿ, ಹೋಟೆಲಿನ ಹತ್ತಿರದ ಸಣ್ಣ ಚರ್ಚಿಗೆ ಬೀಗ ಹಾಕಿತ್ತು. ರೇಷ್ಮೆ ಸೀರೆ ಉಟ್ಟ ಹೆಂಡತಿ ಲವೀನಾ, ನಾನು ಮೆಟ್ಟಿಲ ಮೇಲೆ ಪೆಚ್ಚಾಗಿ ನಿಂತೆವು. ಅಂಗಳ ಗುಡಿಸುತ್ತಿದ್ದ ಅಜ್ಜಿ ಹರುಕು ಇಂಗ್ಲಿಷಿನಲ್ಲಿ, “ಇವತ್ತು ಶುಕ್ರವಾರ. ಪೂಜೆ ಭಾನುವಾರ” ಎಂದರು.

ಲವೀನಾ ನಕ್ಕುಬಿಟ್ಟಳು. “ಎಲ್ಲ ಅಬುಧಾಬಿಯ ಅಭ್ಯಾಸ ಮಾರಾಯ್ರೆ! ನಮ್ಗೆ ಶುಕ್ರವಾರವೇ ಅಲ್ವಾ ಆದಿತ್ಯವಾರ!”

ಅಲ್ಲಿ ಆಗ ಶುಕ್ರವಾರವೇ ರಜೆ; ಪೂಜೆಗೂ ಅಂದೇ ಹೋಗುತ್ತಿದ್ದೆವು. ಮುಗಿಸಿ, ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ ಇಡೀ ಅಂಜಲ್ ಮೀನು ಕೊಳ್ಳುತ್ತಿದ್ದೆವು; ಗೆಳೆಯರೆಲ್ಲ ನಮ್ಮ ಮನೆಯಲ್ಲೇ ಊಟಕ್ಕೆ ಸೇರುತ್ತಿದ್ದರು. ಒಬ್ಬೊಬ್ಬರಾಗಿ ಅವರೆಲ್ಲ ಊರಿಗೆ ಮರಳಿದರು.

ಅಜ್ಜಿ ಏನಂದುಕೊಂಡರೋ, ಬೀಗ ತೆಗೆದರು. ಖಾಲಿ ಬೆಂಚುಗಳ ನಡುವೆ ನಾವಿಬ್ಬರೇ ಬಹಳ ಹೊತ್ತು ಕುಳಿತೆವು.

ಆ ಪ್ರವಾಸದಲ್ಲಿ ನೋಡಿದ ಅರಮನೆಗಳ ಫೋಟೋಗಳೆಲ್ಲ ಫೋನಿನಲ್ಲಿವೆ. ಅಬುಧಾಬಿಯಲ್ಲೂ ಈಗ ರಜೆ ಭಾನುವಾರಕ್ಕೆ ಸರಿದಿದೆ. ಮೊನ್ನೆ ಅಲ್ ಮೀನಾದಲ್ಲಿ ಮೀನಿನವನು ಹಳೆಯ ರೂಢಿಯಂತೆ ಇಡೀ ಅಂಜಲ್ ಎತ್ತಿ ತಕ್ಕಡಿಗೆ ಹಾಕಿದ. ಲವೀನಾ ಮೆಲ್ಲಗೆ, ಎರಡು ತುಂಡು ಸಾಕು ಎಂದಳು.