ಬಾಳವ್ವನ ಮನೆಯ ಬಾಗಿಲು

ಬೇಸಿಗೆ ಬಂತೆಂದರೆ ಉಳಿದವರು ಪರಿಚಿತರ ಮನೆಯಲ್ಲಿ ಮಾವಿನಕಾಯಿ ಕೇಳುತ್ತಾರೆ. ನಾನು ಸವೆದ ಹಲ್ಲುಜ್ಜುವ ಬ್ರಷ್ ಕೇಳುತ್ತೇನೆ. ಇದರಿಂದ ಗೋಕಾಕದ ನಮ್ಮ ಓಣಿಯಲ್ಲಿ ನನ್ನ ಮಾನ ಎಷ್ಟು ಸವೆದಿದೆ ಎಂಬುದನ್ನು ನನ್ನ ಹೆಂಡತಿಯ ಬಾಯಿಂದಲೇ ಕೇಳಬೇಕು. ಮಣ್ಣಿನಿಂದೆದ್ದ ಮಡಕೆ ಚೂರಿನ ಮೈ ತಿಕ್ಕಲು ಹೊಸ ಬ್ರಷ್ಷು ಒರಟು, ಮನುಷ್ಯನ ಬಾಯಲ್ಲಿ ಕೆಲಕಾಲ ಪಳಗಿದ್ದೇ ಆಗಬೇಕು ಎಂದು ನಾನು ವಿವರಿಸತೊಡಗಿದರೆ, ಕೇಳುವವರು ಅರ್ಧಕ್ಕೇ ಬ್ರಷ್ ತಂದುಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಪುರಾತತ್ತ್ವವೆಂದರೆ ಪುರ ಹೋಗಿ ತತ್ತ್ವವಷ್ಟೇ ಉಳಿದದ್ದು ಎಂದು ತರಗತಿಯಲ್ಲಿ ನಾನು ಪ್ರತಿವರ್ಷ ಮಾಡುವ ಚೇಷ್ಟೆಗೆ ವಿದ್ಯಾರ್ಥಿಗಳು ಪ್ರತಿವರ್ಷ ನಗುತ್ತಾರೆ. ಆಂತರಿಕ ಅಂಕಗಳು ನನ್ನ ಕೈಯಲ್ಲಿರುವ ತನಕ ಆ ನಗೆಗೇನೂ ಕೊರತೆಯಿಲ್ಲ.

ಆ ಬ್ರಷ್ಷುಗಳನ್ನೂ ವಿದ್ಯಾರ್ಥಿಗಳನ್ನೂ ಒಂದೇ ಟೆಂಪೋದಲ್ಲಿ ತುಂಬಿಕೊಂಡು ನಾನು ಹೋಗುತ್ತಿದ್ದದ್ದು ಹಿಡಕಲ್ ಜಲಾಶಯದ ಹಿನ್ನೀರಿಗೆ. ನಮ್ಮ ಬೇಸಿಗೆ ಶಿಬಿರದಲ್ಲಿ ಅರಸರಿಗೂ ಅವರ ಶಾಸನಗಳಿಗೂ ಪ್ರವೇಶವಿರಲಿಲ್ಲ. ನಿನ್ನೆ ಮೊನ್ನೆಯ ಸಾಮಾನ್ಯರು ಹೇಗೆ ಬದುಕಿದ್ದರು, ಎಲ್ಲಿ ಅಡುಗೆ ಮಾಡಿದರು, ಯಾವ ಕಟ್ಟೆಯ ಮೇಲೆ ಕೂತು ಹರಟೆ ಹೊಡೆದರು ಎಂಬುದನ್ನು ಅಗೆದು ನೋಡಿ ಕಲಿಯುವುದಷ್ಟೇ ನಮ್ಮ ಉದ್ದೇಶ. ಬಿರುಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ, ಅಣೆಕಟ್ಟು ಕಟ್ಟಿದ ಕಾಲದಲ್ಲಿ ಮುಳುಗಿದ ಒಂದು ಊರು ಅಲ್ಲಿ ಮೇಲೇಳುತ್ತಿತ್ತು: ಒಂದು ಕಲ್ಲಿನ ಗುಡಿ, ಓಣಿಗಳ ಗುರುತು, ಹೂಳಿನಲ್ಲಿ ಹುದುಗಿದ ಮನೆಗಳ ಅಡಿಪಾಯ.

ಆ ವರ್ಷದ ತಂಡದಲ್ಲಿ ಶ್ರೀದೇವಿ ಎಂಬ ಹುಡುಗಿಯಿದ್ದಳು. ಮುಳುಗಿದ ಊರಿನ ಕೆಲವು ಕುಟುಂಬಗಳು ಹೋಗಿ ನೆಲೆಸಿದ ಮೂಡಲಗಿ ಕಡೆಯ ಹಳ್ಳಿ ಅವಳದು. ಅವಳ ಆಯಿ, ಎಂದರೆ ಅಜ್ಜಿ, ಬಾಳವ್ವ ಮದುವೆಯಾಗಿ ಬಂದು ಸಂಸಾರ ಹೂಡಿದ್ದು ಈ ಊರಲ್ಲೇ. ಸಂಜೆಯಾದರೆ ಮೊಮ್ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಆಕೆ ಬಿಟ್ಟು ಬಂದ ಮನೆಯನ್ನು ಮಾತಿನಲ್ಲೇ ಮತ್ತೆ ಕಟ್ಟುತ್ತಿದ್ದಳಂತೆ. ಶ್ರೀದೇವಿ ಪುರಾತತ್ತ್ವ ಆರಿಸಿಕೊಂಡದ್ದಕ್ಕೆ ಅದೇ ಕಾರಣ. ಶಿಬಿರಕ್ಕೆ ಮುಂಚೆ ನಾನು ಆಕೆಯ ಮಾತು ಕೇಳಲು ಹೋದಾಗ ಬಾಳವ್ವನ ಕಣ್ಣುಗಳು ಮಿನುಗಿದವು.

“ಗುಡಿ ಎಡಕ ಹೋದ್ರ ಮೂಲ್ಯಾಗಿಂದ ನಮ್ಮ ಮನಿರಿ ಸರ. ಬಾಗಲಾ ಮೂಡಲಕ್ಕ. ಮುಂಜಾನೆ ಬಿಸಲ ಸೀದಾ ಬೀಸೂ ಕಲ್ಲಿನ ತನಕಾ ಬರ್ತಿತ್ತು. ಹಿತ್ತಲದಾಗ ಬಾವಿ, ಆ ನೀರ ಕುಡದವರಿಗೆ ಬ್ಯಾರೆ ನೀರ ರುಚಿ ಹತ್ತತಿರಲಿಲ್ಲ. ಕಟ್ಟಿ ಮ್ಯಾಲಿನ ಕಲ್ಲಿಗೆ ನಮ್ಮ ಮೈದುನ ಚೌಕಾಬಾರಾ ಆಟದ ಮನಿ ಕೊರದಿದ್ದ. ಅದನ್ನ ಹುಡಕ್ರಿ, ಸಿಗತೈತಿ.”

ಹುಡುಕಿದೆವು. ಗುಡಿಯ ಎಡಕ್ಕೆ ಹೂಳು ತೆಗೆದಂತೆ ಗೋಡೆಗಳ ಬುಡ ಕಂಡವು, ಒಲೆಯ ಬೂದಿ ಕಂಡಿತು, ಕೊನೆಗೆ ಹಾಸುಗಲ್ಲಿನ ಮೇಲೆ ಚೌಕಾಬಾರಾದ ಗೆರೆಗಳೂ ಕಂಡವು. ಶ್ರೀದೇವಿ ಆ ಕಲ್ಲಿನ ಮೇಲೆ ಎರಡೂ ಕೈಯೂರಿ ಅತ್ತಳು. ಉಳಿದವರು ಟೋಪಿ ಹಾರಿಸಿ ಕುಣಿದರು. ನಾನಂತೂ ಆ ಚೌಕಗಳನ್ನು ನಾನೇ ಕೊರೆದವನಂತೆ ಬೀಗುತ್ತ, ಆಯಿಯನ್ನು ಕರೆದುಕೊಂಡು ಬಾ ಎಂದು ಅವಳನ್ನು ಊರಿಗೆ ಕಳಿಸಿದೆ.

ಬಾಳವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಬಿರುಕು ಬಿಟ್ಟ ಕೆಸರಿನ ಮೇಲೆ ಮೊಮ್ಮಗಳ ಭುಜ ಹಿಡಿದು ನಡೆದು ಕಲ್ಲಿನ ಬಳಿ ಕೂತಳು. ಗೆರೆಗಳ ಮೇಲೆ ಬೆರಳಾಡಿಸಿ, “ಅವನ ಕೈನ ಇದು,” ಎಂದಳು. ನಂತರ ಎದ್ದು ಹೊಸ್ತಿಲಿಗೆ ನಮಸ್ಕರಿಸಿ ಒಳಗೆ ಕಾಲಿಟ್ಟು, ಸುತ್ತ ನೋಡಿ, ಗಲಿಬಿಲಿಗೊಂಡು ನಿಂತಳು.

“ಬಾಗಲಾ ಮೂಡಲಕ್ಕ ಅಲ್ಲೇನ್ರಿ?”

ನನ್ನ ವಿದ್ಯಾರ್ಥಿಗಳಲ್ಲೆಲ್ಲ ಚುರುಕಾದವನು ಪ್ರವೀಣ. ಕಂಪಾಸ್ ಹಿಡಿದು ವಿನಯದಿಂದ ಮುಂದೆ ಬಂದ. “ಇಲ್ರಿ ಆಯಿ, ದಕ್ಷಿಣಕ್ಕ ಐತಿ.”

“ಹಂಗಾದ್ರ ಬಿಸಲ ಎಲ್ಲಿಂದ ಬರ್ತಿತ್ತು?”

ಆಕೆ ಹಿತ್ತಲಿನ ಕಡೆ ಹೋದಳು. ಅಲ್ಲಿ ನಾವು ಅಗೆದಷ್ಟಗಲಕ್ಕೂ ಪಕ್ಕದ ಮನೆಯ ಗೋಡೆಯಿತ್ತೇ ಹೊರತು ಬಾವಿ ಇರಲಿಲ್ಲ.

“ಬಾಳ ವರ್ಷ ಆತಲ್ರಿ ಆಯಿ,” ಎಂದ ಪ್ರವೀಣ, ಮೃದುವಾಗಿಯೇ. “ನೆನಪು ಸರದಾಡತೈತ್ರಿ. ಕಲ್ಲ ಮಾತ್ರ ಇದ್ದಲ್ಲೇ ಇರತೈತಿ.”

ಅದು ನಾನೇ ಕಲಿಸಿದ ಮಾತು. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಬಾಳವ್ವ ಅವನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಅಲ್ಲಗಳೆಯುತ್ತೇನೆಂದು ಕಾದಳೋ ಏನೋ. ಅಲ್ಲಗಳೆಯಲು ನನ್ನಲ್ಲಿ ಪುರಾವೆ ಇರಲಿಲ್ಲ. ಆಕೆ ಸೆರಗಿನಿಂದ ಬೆವರೊರೆಸಿಕೊಂಡು, “ನಡಿ ತಂಗಿ, ಬಸ್ಸಿನ ಹೊತ್ತಾತು,” ಎಂದು ಮೊಮ್ಮಗಳ ಕೈ ಹಿಡಿದಳು.

ಮುಂಗಾರು ಬಂತು, ನೀರು ಏರಿತು, ಊರು ಮುಳುಗಿತು. ಗೋಕಾಕದ ಮನೆಯಲ್ಲಿ ಕೂತು ಶಿಬಿರದ ನಕ್ಷೆಗಳನ್ನೂ ಫೋಟೋಗಳನ್ನೂ ಜೋಡಿಸುವಾಗ, ಆ ಚೌಕಾಬಾರಾದ ಕಲ್ಲು ನನ್ನನ್ನು ತಡೆದು ನಿಲ್ಲಿಸಿತು. ಕಟ್ಟೆಯ ಉಳಿದ ಕಲ್ಲುಗಳು ಕಪ್ಪು; ಅದೊಂದು ಮಾತ್ರ ಕೆಂಪು. ಜಾಗಕ್ಕೆ ಹೊಂದಿಸಲು ಅದರ ಒಂದು ಅಂಚನ್ನು ಒಡೆದಿದ್ದರು. ಆಟದ ಸಾಲೊಂದು ಅಲ್ಲಿ ಅರ್ಧಕ್ಕೇ ತುಂಡಾಗಿತ್ತು. ಎಂದರೆ ಗೆರೆ ಕೊರೆದ ಮೇಲೆ ಕಲ್ಲು ಬೇರೆಡೆಯಿಂದ ಇಲ್ಲಿಗೆ ಬಂದಿದೆ. ಬಾಳವ್ವನ ಕುಟುಂಬ ಮೊದಲು ಊರು ಬಿಟ್ಟಿರಬೇಕು, ಕೊನೆಯವರೆಗೆ ಉಳಿದ ಯಾರೋ ಖಾಲಿ ಮನೆಯ ಕಲ್ಲನ್ನೆತ್ತಿ ತಂದು ತಮ್ಮ ಕಟ್ಟೆ ಸರಿಪಡಿಸಿಕೊಂಡಿರಬೇಕು. ಸರಿದಾಡಿದ್ದು ಕಲ್ಲು. ನೆನಪು ಬಹುಶಃ ಇದ್ದಲ್ಲೇ ಇತ್ತು.

ಬಹುಶಃ ಎಂಬ ಪದ ನನ್ನ ವೃತ್ತಿಗೆ ಅಲಂಕಾರ. ಅದನ್ನು ಹಿಡಿದು ಯಾರ ಮನೆ ಬಾಗಿಲಿಗೂ ಹೋಗುವಂತಿಲ್ಲ. ಮುಂದಿನ ಬೇಸಿಗೆಯಲ್ಲಿ ಪಕ್ಕದ ಜಾಗ ಅಗೆದು ಖಚಿತಪಡಿಸಿಕೊಂಡೇ ಹೋಗೋಣವೆಂದು ಕಾದೆ. ಮುಂದಿನ ಬೇಸಿಗೆಯಲ್ಲಿ ನೀರು ಅಷ್ಟು ಕೆಳಗಿಳಿಯಲಿಲ್ಲ. ಅದರ ಮುಂದಿನ ಬೇಸಿಗೆಯಲ್ಲಿ ಇಳಿಯಿತು, ಆದರೆ ನಮ್ಮ ಗುಂಡಿಗಳಿದ್ದಲ್ಲಿ ಹೂಳು ಸಮತಟ್ಟಾಗಿ ಹರಡಿತ್ತು. ಅಷ್ಟರಲ್ಲಿ ಅಗೆಯಬೇಕಾದ ತಂಡವೂ ಇಲ್ಲವಾಗಿತ್ತು. ವಿಷಯ ಆರಿಸಿಕೊಳ್ಳುವವರಿಲ್ಲವೆಂದು ಕಾಲೇಜು ಶಿಬಿರವನ್ನು ನಿಲ್ಲಿಸಿತ್ತು. ಶ್ರೀದೇವಿ ಆ ಬೇಸಿಗೆಯ ನಂತರವೇ ಪುರಾತತ್ತ್ವ ಬಿಟ್ಟಿದ್ದಳು. ಒಮ್ಮೆ ಗೋಕಾಕದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಅವಳು ಹೇಳಿದಳು: “ಆಯಿ ಈಗ ಊರ ಸುದ್ದಿನ ತಗ್ಯಾಂಗಿಲ್ರಿ ಸರ. ಹುಡುಗ್ರು ಕೇಳಿದ್ರ, ನನಗ ನೆನಪಿಲ್ಲ ಅಂತಾಳ.”

ಆಗ ಪುರಾವೆಗೆ ಕಾಯದೆ ಮೂಡಲಗಿಯ ಬಸ್ಸು ಹತ್ತಿದೆ. ಬಾಳವ್ವ ಅಂಗಳದಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು, ಇಳಿದುಹೋಗಿದ್ದಳು. ಕೆಂಪು ಕಲ್ಲಿನ ವಿಷಯವನ್ನು ನನಗೆ ಸಾಧ್ಯವಾದಷ್ಟು ಸರಳವಾಗಿ ಹೇಳಿದೆ: ಕಲ್ಲು ನಿಮ್ಮದೇ, ಮನೆ ಬೇರೆಯವರದು, ನಿಮ್ಮ ಮನೆ ಆಚೆ ಮಗ್ಗುಲಲ್ಲಿ ಇನ್ನೂ ಹೂಳಿನಡಿ ಇರಬಹುದು, ಬಾಗಿಲು ಮೂಡಲಕ್ಕೇ ಇರಬಹುದು. ಆಕೆಯ ಕೈ ನಿಂತಿತು.

“ಖರೇನ ಬಾವಿ ಇತ್ತೇನ್ರಿ ಹಂಗಾದ್ರ?”

ಇತ್ತು ಎಂದುಬಿಡಲು ನಾಲಗೆ ಸಿದ್ಧವಿತ್ತು. ಆದರೆ ತನ್ನ ಮನೆಯ ಬಾವಿಯ ಬಗ್ಗೆ ನನ್ನನ್ನು ಕೇಳಬೇಕಾದ ಸ್ಥಿತಿಗೆ ಆಕೆ ಬಂದಿದ್ದಳು. “ಅಲ್ಲಿ ಅಗದಿಲ್ರಿ ಆಯಿ. ನಿಮಗ ಗೊತ್ತಿರಬೇಕಲ್ರಿ,” ಎಂದೆ.

ಬಾಳವ್ವ ಮತ್ತೆ ಸೊಪ್ಪು ಬಿಡಿಸತೊಡಗಿದಳು.

“ನನಗೇನ್ ಗೊತ್ರಿ ಸರ,” ಎಂದಳು. “ನೀವು ಅಳದ ನೋಡಿದವರು. ನಾ ಬರೇ ಅಲ್ಲಿ ಬಾಳೇವು ಮಾಡಿದಾಕಿ.”